ಬೀಸುಕಲ್ಲಿನ ಬೆಳಗು: ತ್ರಿಪದಿಗಳಲ್ಲಿ ಹಳ್ಳಿಯ ದಿನಚರಿ — ಒಂದು ಮರುಪರಿಶೀಲನೆ

೧

ಜನಪದ ಗೀತೆಗಳು ಹಳ್ಳಿಯ ಬದುಕಿನ ಕನ್ನಡಿ ಎಂಬ ಮಾತು ಕನ್ನಡ ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ರೂಢಿಗೊಂಡಿದೆ. ಪಠ್ಯಪುಸ್ತಕಗಳ ಮುನ್ನುಡಿಗಳಿಂದ ಹಿಡಿದು ವಿಚಾರಸಂಕಿರಣದ ಪ್ರಬಂಧಗಳವರೆಗೆ ಅದನ್ನು ಸಾಧಿಸಬೇಕಾದ ಮಾತೆಂದಲ್ಲ, ಸಾಧಿಸಿ ಮುಗಿದ ಮಾತೆಂದೇ ಬಳಸಲಾಗುತ್ತಿದೆ. ಆದರೆ ಕನ್ನಡಿಯು ತನ್ನ ಎದುರಿಗೆ ಬಂದುದನ್ನೆಲ್ಲ ತೋರಿಸುತ್ತದೆ. ಹಾಡು ಆಯ್ದುದನ್ನು ಮಾತ್ರ ಹೇಳುತ್ತದೆ. ಆಯ್ಕೆ ಯಾರದು, ಯಾವ ಹೊತ್ತಿನದು, ಯಾರು ಕೇಳಲೆಂದು ಮಾಡಿದ್ದು ಎಂಬ ಪ್ರಶ್ನೆಗಳನ್ನು ಕೇಳದೆ ಹಾಡಿನಿಂದ ಹಳ್ಳಿಯ ದಿನಚರಿಯನ್ನು ಕಟ್ಟಲು ಹೊರಟರೆ, ನಮಗೆ ದೊರೆಯುವುದು ಹಳ್ಳಿಯಲ್ಲ, ಹಳ್ಳಿಯನ್ನು ಕುರಿತ ನಮ್ಮದೇ ಹಂಬಲ. ಬೀಸುವ ಪದಗಳೆಂದು ಹೆಸರಾದ ತ್ರಿಪದಿಗಳನ್ನು ಆಧಾರವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾವು ಇದನ್ನು ಬರೆಯುತ್ತಿರುವುದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ. ಊರಿನ ಹೆಸರನ್ನು ಬಿಡಿಸಿದರೆ ಗಚ್ಚು, ಬಾವಿ ಎಂಬ ಎರಡು ಪರಿಚಿತ ಮಾತುಗಳು ಕಾಣುತ್ತವೆ; ಊರಿನಲ್ಲಿ ಈಗ ಕಾಣುವುದು ಗಾಜಿನ ಕಟ್ಟಡಗಳು. ಆ ಕಟ್ಟಡಗಳನ್ನು ಕಟ್ಟಲು ಇಟ್ಟಿಗೆ ಹೊತ್ತವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಗಳಿಂದ ಗುಳೆ ಬಂದ ಹೆಣ್ಣುಮಕ್ಕಳೂ ಇದ್ದಾರೆ. ಅವರ ಅಜ್ಜಿಯರು ಬೀಸುಕಲ್ಲಿನ ಮುಂದೆ ಹಾಡಿದವರು. ಕರ್ನಾಟಕದ ಹೊರಗಿದ್ದು ಕನ್ನಡ ಜಾನಪದವನ್ನು ಓದುವವರಿಗೆ ಅಚ್ಚಾದ ಸಂಗ್ರಹವೇ ಬಹುಮಟ್ಟಿಗೆ ಏಕೈಕ ಆಕರ. ಹಳ್ಳಿಯನ್ನು ಕಣ್ಣಾರೆ ಕಂಡು ತಿದ್ದಿಕೊಳ್ಳುವ ಅವಕಾಶ ನಮಗೆ ಕಡಿಮೆ. ಆದುದರಿಂದ ಸಂಗ್ರಹವನ್ನು ಓದುವ ಕ್ರಮದಲ್ಲಿ ತಪ್ಪಿದರೆ ಅದರ ಫಲವನ್ನು ನಾವೇ ಹೆಚ್ಚಾಗಿ ಉಣ್ಣಬೇಕಾಗುತ್ತದೆ.

೨

ಹೋಲಿಕೆಗಾಗಿ ಮೊದಲು ದೂರದ ಒಂದು ಪರಂಪರೆಯನ್ನು ನೋಡಬಹುದು. ಬಾಲ್ಟಿಕ್ ಸಮುದ್ರದ ದಂಡೆಯ ಎಸ್ಟೋನಿಯಾದಲ್ಲಿ ರೆಗಿಲೌಲ್ ಎಂಬ ಹಳೆಯ ಹಾಡಿನ ಸಂಪ್ರದಾಯವಿದೆ. ಎಂಟು ಮಾತ್ರಾಸ್ಥಾನಗಳ ಚಿಕ್ಕ ಸಾಲು, ಸಾಲಿನೊಳಗೆ ಆದಿಪ್ರಾಸ, ಒಂದು ಸಾಲಿನ ಅರ್ಥವನ್ನು ಮುಂದಿನ ಸಾಲಿನಲ್ಲಿ ಬೇರೆ ಮಾತಿನಿಂದ ಮರಳಿ ಹೇಳುವ ಕ್ರಮ ಇವು ಅದರ ಲಕ್ಷಣಗಳು. ಒಬ್ಬಳು ಸಾಲನ್ನು ಎತ್ತಿಕೊಟ್ಟರೆ ಉಳಿದವರು ಅದನ್ನೇ ಮರುಹಾಡುತ್ತಾರೆ. ಹಾಡಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ದನ ಕಾಯುವುದು, ಕೊಯ್ಲು, ಬೀಸುವುದು, ಮದುವೆ, ಉಯ್ಯಾಲೆ ಹೀಗೆ ದುಡಿಮೆ ಮತ್ತು ಹಬ್ಬಗಳಿಗೆ ಸಂಬಂಧಿಸಿದ ಹಾಡುಗಳು ಅಲ್ಲಿ ಹೇರಳವಾಗಿವೆ. ತಬ್ಬಲಿಯ ಹಾಡುಗಳದೇ ಒಂದು ಗುಂಪಿದೆ. ಇದೆಲ್ಲವೂ ಕನ್ನಡದ ಓದುಗನಿಗೆ ಪರಿಚಿತವೆನಿಸುತ್ತದೆ.

ಆದರೆ ಒಂದು ಅಂಶದಲ್ಲಿ ಆ ಪರಂಪರೆ ನಮ್ಮ ಸಂಗ್ರಹಗಳಿಂದ ಬೇರೆಯಾಗಿದೆ. ಜರ್ಮನ್ ಚಿಂತಕ ಹೆರ್ಡರ್ ೧೭೭೮-೭೯ರಲ್ಲಿ ಪ್ರಕಟಿಸಿದ ಜನಪದ ಗೀತೆಗಳ ಸಂಕಲನದಲ್ಲಿ ಎಸ್ಟೋನಿಯಾದ ಹಾಡುಗಳೂ ಇದ್ದವು. ಅವುಗಳಲ್ಲೊಂದು ಜೀತದಾಳುಗಳು ತಮ್ಮ ಒಡೆಯರ ಕ್ರೌರ್ಯವನ್ನು ಕುರಿತು ಮಾಡಿದ ದೂರು. ಅಲ್ಲಿ ಜೀತಪದ್ಧತಿ ಕಾನೂನಿನ ಪ್ರಕಾರ ಕೊನೆಗೊಂಡದ್ದು ಉತ್ತರ ಭಾಗದಲ್ಲಿ ೧೮೧೬ರಲ್ಲಿ, ದಕ್ಷಿಣ ಭಾಗದಲ್ಲಿ ೧೮೧೯ರಲ್ಲಿ. ಜಮೀನ್ದಾರನ ವಾಡೆ, ಮೇಸ್ತ್ರಿಯ ಬೈಗುಳ, ನಸುಕಿನ ಒಕ್ಕಣೆ ಇವೆಲ್ಲ ಆ ಹಾಡುಗಳಲ್ಲಿ ಹೆಸರಿಟ್ಟೇ ಬರುತ್ತವೆ. ದುಡಿಮೆಯನ್ನು ಹಾಡುವುದರ ಜೊತೆಗೆ ದುಡಿಮೆ ಯಾರಿಗಾಗಿ ಎಂಬುದನ್ನೂ ಅವು ಹೇಳುತ್ತವೆ.

ಕನ್ನಡದ ಬೀಸುವ ಪದಗಳಲ್ಲಿ ಗೌಡ, ಸಾಹುಕಾರ, ಶಾನುಭೋಗ, ಸಾಲ, ಕಂದಾಯ ಇವು ಎಷ್ಟು ಬಾರಿ ಬರುತ್ತವೆ? ಅಚ್ಚಾದ ಸಂಗ್ರಹಗಳನ್ನು ಓದಿದಾಗ ಇವು ವಿರಳವೆಂದೇ ಕಾಣುತ್ತದೆ. ನಮ್ಮ ಹಳ್ಳಿಗಳಲ್ಲಿ ಇವುಗಳ ಕಾಟ ಎಸ್ಟೋನಿಯಾಕ್ಕಿಂತ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಹಾಗಾದರೆ ಮೌನ ಯಾರದು? ಹಾಡಿದವಳದೋ, ಬರೆದುಕೊಂಡವನದೋ? ನಮ್ಮ ವಿಮರ್ಶೆ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಲ್ಲ.

೩

ಸಂಗ್ರಹದ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯಬೇಕು. ಹಲಸಂಗಿ ಇಂದಿನ ವಿಜಯಪುರ ಜಿಲ್ಲೆಯ, ಭೀಮಾತೀರಕ್ಕೆ ಸಮೀಪದ ಹಳ್ಳಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಇವರ ಗೆಳೆತನದಿಂದ ೧೯೩೧ರಲ್ಲಿ ಹೊರಬಂದ ‘ಗರತಿಯ ಹಾಡು’ ಕನ್ನಡ ಓದುಗ ವರ್ಗಕ್ಕೆ ಹಳ್ಳಿಯ ಹೆಣ್ಣಿನ ದನಿಯನ್ನು ಕೇಳಿಸಿತು. ಅದರ ಬೆನ್ನಿಗೆ ಲಾವಣಿಗಳ ಸಂಗ್ರಹವಾದ ‘ಜೀವನ ಸಂಗೀತ’, ಬಳಿಕ ರೇವಪ್ಪನವರ ‘ಮಲ್ಲಿಗೆ ದಂಡೆ’ ಪ್ರಕಟವಾದವು. ಈ ಗೆಳೆಯರಿಗೆ ವಿಶ್ವವಿದ್ಯಾನಿಲಯದ ಆಶ್ರಯವಿರಲಿಲ್ಲ, ಧ್ವನಿಮುದ್ರಣ ಯಂತ್ರವಿರಲಿಲ್ಲ. ಕಿವಿ, ನೆನಪು, ಪ್ರೀತಿ ಇವೇ ಅವರ ಸಾಧನಗಳು. ಇಂದು ನಾವು ಮಾಡುವ ಯಾವ ಆಕ್ಷೇಪವೂ ಈ ಋಣವನ್ನು ಮರೆತು ಮಾಡಿದ್ದಾಗಬಾರದು.

ಆದರೂ ಆ ಶೀರ್ಷಿಕೆಯ ಕೆಲಸವನ್ನು ಗಮನಿಸಬೇಕಾಗಿದೆ. ‘ಗರತಿ’ ಎಂದರೆ ಗೃಹಿಣಿ, ಮರ್ಯಾದಸ್ಥಳಾದ ಹೆಂಡತಿ. ಬೀಸುಕಲ್ಲಿನ ಮುಂದೆ ಕುಳಿತವರು ಗರತಿಯರು ಮಾತ್ರವೇ? ವಿಧವೆ, ಗಂಡ ಬಿಟ್ಟವಳು, ದೇವರಿಗೆ ಬಿಟ್ಟವಳು, ಉಳ್ಳವರ ಮನೆಯ ಕಾಳನ್ನು ಕೂಲಿಗೆ ಬೀಸಿಕೊಡುವವಳು ಇವರೆಲ್ಲ ಅದೇ ಗೂಟವನ್ನು ಹಿಡಿದು ತಿರುಗಿಸಿದವರು. ಕೂಲಿಗೆ ಕುಟ್ಟುವ ಬೀಸುವ ಕಾಯಕ ನಮ್ಮಲ್ಲಿ ಹೊಸದಲ್ಲ. ಹನ್ನೆರಡನೆಯ ಶತಮಾನದ ವಚನಕಾರ್ತಿಯೊಬ್ಬಳು ಕೊಟ್ಟಣದ ಸೋಮಮ್ಮ ಎಂದೇ ಪ್ರಸಿದ್ಧಳು. ತನ್ನ ಮನೆಗಾಗಿ ಬೀಸುವವಳ ಹಾಡನ್ನೂ ಪರರ ಮನೆಗೆ ಬೀಸುವವಳ ಹಾಡನ್ನೂ ‘ಗರತಿ’ ಎಂಬ ಒಂದೇ ಹೆಸರಿನ ಕೆಳಗೆ ತಂದಾಗ ಎರಡನೆಯವಳು ಮರೆಯಾಗುತ್ತಾಳೆ. ಆಕೆಯ ಹಾಡು ಪುಸ್ತಕದಲ್ಲಿ ಇರಬಹುದು. ಆದರೆ ಅದು ಆಕೆಯದೆಂದು ಗುರುತಿಸುವ ದಾರಿಯಿಲ್ಲ.

ಇದು ಆ ಕಾಲದ ಒತ್ತಡವೂ ಹೌದು. ೧೯೩೦ರ ದಶಕ ಸ್ವಾತಂತ್ರ್ಯ ಚಳವಳಿ ಮತ್ತು ಕರ್ನಾಟಕ ಏಕೀಕರಣಗಳ ಕಾಲ. ಕನ್ನಡ ಸಂಸ್ಕೃತಿ ಒಂದೆಂದು, ಅದರ ಬೇರು ಹಳ್ಳಿಯಲ್ಲಿದೆಯೆಂದು, ಆ ಬೇರು ಶುದ್ಧವೆಂದು ತೋರಿಸುವುದು ಆಗ ಅಗತ್ಯವಾಗಿತ್ತು. ಹೆರ್ಡರನ ಕಾಲದ ಯುರೋಪಿನಲ್ಲಿ ಮೂಡಿದ ಜನಾಂಗ-ಜನಪದಗಳ ಕಲ್ಪನೆ ಇಂಗ್ಲಿಷ್ ಶಿಕ್ಷಣದ ಮೂಲಕ ಇಲ್ಲಿಗೂ ತಲುಪಿತ್ತು. ಒಡೆದು ಹಂಚಿಹೋದ ನಾಡಿಗೆ ತವರನ್ನು ನೆನೆದು ಹಾಡುವ ಹೆಣ್ಣು ಒಂದು ಸಮರ್ಥ ಪ್ರತೀಕವಾಗಿ ಒದಗಿದಳು. ತವರಿನ ಹಾಡುಗಳು ನಮ್ಮ ಓದಿನಲ್ಲಿ ಇಷ್ಟು ಎತ್ತರದ ಸ್ಥಾನ ಪಡೆದುದಕ್ಕೆ ಅವುಗಳ ಕಾವ್ಯಗುಣದಷ್ಟೇ ಈ ಸಂದರ್ಭವೂ ಕಾರಣವೆಂದು ನಮಗೆ ತೋರುತ್ತದೆ.

೪

ಈಗ ಹಾಡನ್ನು ಅದರ ಹೊತ್ತಿಗೆ ಮರಳಿಸಿ ನೋಡೋಣ. ಬೀಸುವುದು ನಸುಕಿನ ಕೆಲಸ. ಊರು ಏಳುವ ಮೊದಲು ಎದ್ದು ಆ ದಿನದ ರೊಟ್ಟಿಗೆ ಬೇಕಾದ ಜೋಳವನ್ನು, ದಕ್ಷಿಣದ ಸೀಮೆಯಲ್ಲಾದರೆ ಮುದ್ದೆಗೆ ಬೇಕಾದ ರಾಗಿಯನ್ನು ಹಿಟ್ಟು ಮಾಡಬೇಕು. ಕೆಳಗಲ್ಲು ಅಲುಗದೆ ಕೂರುತ್ತದೆ, ಮೇಲ್ಕಲ್ಲು ಗೂಟದ ಆಸರೆಯಿಂದ ತಿರುಗುತ್ತದೆ. ಒಂದು ಕೈ ತಿರುಗಿಸುತ್ತಿದ್ದರೆ ಇನ್ನೊಂದು ಕೈ ಕಲ್ಲಿನ ಬಾಯಿಗೆ ಹಿಡಿಹಿಡಿಯಾಗಿ ಕಾಳು ಹಾಕುತ್ತದೆ. ಎದುರುಬದುರು ಕುಳಿತು ಇಬ್ಬರು ಬೀಸುವುದೂ ಉಂಟು. ಆಗ ಹಾಡೂ ಇಬ್ಬರ ನಡುವೆ ಹೋಗಿಬರುತ್ತದೆ.

ತ್ರಿಪದಿಯ ಛಂದಸ್ಸು ಈ ಕೆಲಸಕ್ಕೆ ಹೊಂದುವ ರೀತಿ ವಿಶಿಷ್ಟವಾದುದು. ಅದು ಅಂಶಗಣದ ಛಂದಸ್ಸು; ಮೂರು ಸಾಲುಗಳಲ್ಲಿ ಒಟ್ಟು ೧೧ ಗಣಗಳು; ಅವುಗಳಲ್ಲಿ ೬ನೆಯದೂ ೧೦ನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ತ್ರಿಪದಿ ಇರುವುದರಿಂದ ಸುಮಾರು ಕ್ರಿ.ಶ. ೭೦೦ರ ವೇಳೆಗೆ ಅದು ಕಲ್ಲಿನ ಮೇಲೆ ಬರೆಯುವಷ್ಟು ಪ್ರತಿಷ್ಠಿತವಾಗಿತ್ತೆಂದು ತಿಳಿಯುತ್ತದೆ. ಆದರೆ ಪುಟದ ಮೇಲೆ ಮೂರು ಸಾಲಾಗಿ ಕಾಣುವ ಪದ್ಯ ಹಾಡುವಾಗ ಮೂರು ಸಾಲಾಗಿ ಉಳಿಯುವುದಿಲ್ಲ. ಎರಡನೆಯ ಸಾಲಿನ ಭಾಗವನ್ನು ಮರಳಿ ಎತ್ತಿಕೊಂಡೇ ಮೂರನೆಯದಕ್ಕೆ ಹೋಗಬೇಕು. ಆ ಮರುಕಳಿಕೆ ಕಾಳು ಹಾಕಲು, ಉಸಿರು ತೆಗೆದುಕೊಳ್ಳಲು, ಮುಂದಿನ ಮಾತನ್ನು ಹುಡುಕಿಕೊಳ್ಳಲು ದೊರೆಯುವ ಬಿಡುವು. ಅಚ್ಚಿನಲ್ಲಿ ಈ ಬಿಡುವೇ ಕಾಣೆಯಾಗುತ್ತದೆ. ನಾವು ತ್ರಿಪದಿಯ ಸಂಕ್ಷಿಪ್ತತೆಯನ್ನು ಹೊಗಳುತ್ತೇವೆ. ಹಾಡುವವಳ ದೃಷ್ಟಿಯಿಂದ ಅದು ಸಂಕ್ಷಿಪ್ತವಲ್ಲ, ಕಲ್ಲಿನ ಸುತ್ತಿನಷ್ಟೇ ದೀರ್ಘ.

ಇದೇ ಛಂದಸ್ಸು ಉತ್ತರ ಕರ್ನಾಟಕದ ಕಣಗಳಲ್ಲಿ ಗಂಡಸರು ಮೇಟಿಯ ಸುತ್ತ ಎತ್ತು ತಿರುಗಿಸುತ್ತ ಹಾಡುವ ಹಂತಿಯ ಪದಕ್ಕೂ ಒದಗಿದೆ. ಅಲ್ಲಿಯೂ ಸುತ್ತು, ಇಲ್ಲಿಯೂ ಸುತ್ತು. ಆದರೆ ಕಣ ಬಯಲಿನದು, ಹಲವರ ನಡುವಿನದು. ಅಲ್ಲಿ ದೇವರು, ಶರಣರು, ವೀರರ ಕಥೆಗಳು ನಿರೂಪಣೆಯಾಗಿ ಬೆಳೆಯುತ್ತವೆ. ಬೀಸುಕಲ್ಲು ಮನೆಯೊಳಗಿನದು, ಅಲ್ಲಿ ಕಥೆ ಬೆಳೆಯುವುದು ಕಡಿಮೆ, ಒಂದೊಂದು ಪದ್ಯ ಒಂದೊಂದು ಸಂಬಂಧವನ್ನು ಮುಟ್ಟಿ ಮುಗಿಯುತ್ತದೆ. ಛಂದಸ್ಸು ಒಂದೇ ಆದರೂ ಕೆಲಸದ ಸ್ಥಳ ವಸ್ತುವನ್ನು ನಿರ್ಣಯಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೫

ಮನೆಯೊಳಗೆ ಎಂದೆವು. ಆ ಮನೆ ಯಾರದು ಎಂಬುದು ಮುಖ್ಯ. ಬೀಸುವವಳು ಬಹುಮಟ್ಟಿಗೆ ಸೊಸೆ. ಗೋಡೆಯ ಆಚೆ ಅತ್ತೆ ಮಾವ ಮಲಗಿದ್ದಾರೆ, ಗಂಡ ಮಲಗಿದ್ದಾನೆ, ನೆಗೆಣ್ಣಿ ಎದ್ದಿರಬಹುದು. ಕಲ್ಲಿನ ಸದ್ದು ಹಾಡನ್ನು ಸ್ವಲ್ಪ ಮರೆಸುತ್ತದೆ, ಪೂರ್ತಿಯಾಗಿ ಅಲ್ಲ. ಹಗಲಲ್ಲಿ ಎದುರು ನಿಂತು ಆಡಲಾರದ ಮಾತನ್ನು ಆಡಬಹುದಾದ ಹೊತ್ತು ಅದು. ಆದರೆ ಆಡಿದ್ದು ಕೇಳಿಸುತ್ತದೆ ಎಂಬ ಎಚ್ಚರವೂ ಜೊತೆಗಿರುವ ಹೊತ್ತು. ಬೀಸುವ ಪದದ ಧ್ವನಿಪೂರ್ಣತೆಯನ್ನು ಹಳ್ಳಿಗರ ಸಹಜ ಸೌಂದರ್ಯಪ್ರಜ್ಞೆ ಎಂದು ವರ್ಣಿಸುವ ವಿಮರ್ಶೆ ಈ ಸಂದರ್ಭವನ್ನು ಮರೆತಿದೆ. ಅದು ಸೌಂದರ್ಯವಾಗುವ ಮೊದಲು ಜಾಣತನ.

ಈ ದೃಷ್ಟಿಯಿಂದ ತವರಿನ ಪದಗಳನ್ನು ಮತ್ತೆ ಓದಬಹುದು. ಅವುಗಳಲ್ಲಿ ತವರಿನ ನಿಜಜೀವನದ ವಿವರ ಎಷ್ಟಿದೆ? ಅಲ್ಲಿಯೂ ಬೀಸುವುದಿತ್ತು, ನೀರು ಹೊರುವುದಿತ್ತು, ಅತ್ತಿಗೆಯರಿದ್ದರು, ಬರಗಾಲವಿತ್ತು. ಹಾಡಿನ ತವರಿನಲ್ಲಿ ಅತ್ತಿಗೆ ಬರುವುದುಂಟು, ಆದರೆ ದುಡಿಮೆ ಬರುವುದು ಕಡಿಮೆ. ತಾಯಿ, ಅಣ್ಣ, ಹಾಲುಹೈನ, ಸೀರೆ, ಬಳೆ, ಹಬ್ಬದ ಕರೆ ಇವುಗಳಿಂದಲೇ ಅದು ತುಂಬಿದೆ. ಅದು ನೆನಪಿನ ಚಿತ್ರವಲ್ಲ. ಈಗಿರುವ ಮನೆಯಲ್ಲಿ ಏನೇನು ಇಲ್ಲ ಎಂಬುದರ ಪಟ್ಟಿ. ಅತ್ತೆಯ ಮನೆಯ ಕೊರತೆಯನ್ನು ಹೆಸರೆತ್ತದೆ ಹೇಳುವ ದಾರಿ ತವರಿನ ಸಮೃದ್ಧಿಯನ್ನು ಹಾಡುವುದು. ತವರನ್ನು ಹಾಡುವ ಪದ ಗಂಡನ ಮನೆಯನ್ನು ಕುರಿತ ಸಾಕ್ಷ್ಯ ಎಂದು ತಿಳಿದಾಗ ಮಾತ್ರ ಅದು ದಿನಚರಿಯ ಆಕರವಾಗುತ್ತದೆ. ತಿರುವಿ ಓದದೆ ನೇರವಾಗಿ ಓದಿದರೆ ಕನ್ನಡ ಹಳ್ಳಿಗಳ ತವರುಮನೆಗಳೆಲ್ಲ ಹಾಲು ತುಪ್ಪಗಳಲ್ಲಿ ತೇಲುತ್ತಿದ್ದವೆಂಬ ಹುಸಿ ಸಮಾಜಶಾಸ್ತ್ರ ಹುಟ್ಟುತ್ತದೆ; ಹುಟ್ಟಿಯೂ ಇದೆ.

ಉಯ್ಯಾಲೆಯ ಉದಾಹರಣೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಎಸ್ಟೋನಿಯಾದ ಹಳ್ಳಿಗಳಲ್ಲಿ ಹಲವರು ಒಟ್ಟಿಗೆ ನಿಂತು ತೂಗುವ ದೊಡ್ಡ ಮರದ ಉಯ್ಯಾಲೆ ಊರಿನ ತರುಣ ತರುಣಿಯರು ಕೂಡುವ ಜಾಗ. ಅಲ್ಲಿನ ಉಯ್ಯಾಲೆಯ ಹಾಡು ಊರಿನೊಳಗಿನ ಬೇಸಗೆಯ ಹಾಡು. ನಮ್ಮ ಪಂಚಮಿಯ ಜೋಕಾಲಿ ಮದುವೆಯಾಗಿ ಹೋದ ಮಗಳು ಮರಳಿ ಬಂದುದರ ಗುರುತು. ಅದು ಆಟಕ್ಕಿಂತ ಹೆಚ್ಚಾಗಿ ರಜೆ. ಅಣ್ಣ ಕರೆಯಲು ಬರುತ್ತಾನೋ ಇಲ್ಲವೋ, ಅತ್ತೆ ಕಳಿಸುತ್ತಾಳೋ ಇಲ್ಲವೋ ಎಂಬ ಆತಂಕಗಳ ಮೇಲೆ ಆ ಜೋಕಾಲಿ ತೂಗುತ್ತದೆ. ಎರಡನ್ನೂ ‘ಉಯ್ಯಾಲೆಯ ಹಾಡು’ ಎಂಬ ಒಂದೇ ಆಶಯದ ಕೆಳಗೆ ಹಾಕಿದರೆ ವರ್ಗೀಕರಣ ಅಚ್ಚುಕಟ್ಟಾಗುತ್ತದೆ, ಅರ್ಥ ಕಳೆದುಹೋಗುತ್ತದೆ.

೬

ಇಲ್ಲಿ ಒಂದು ಆಕ್ಷೇಪವನ್ನು ಎದುರುನೋಡಬಹುದು. ಹಾಡು ಹಾಡೇ ಹೊರತು ಗ್ರಾಮಲೆಕ್ಕಿಗನ ಕಡತವಲ್ಲ. ಸಾಲ ಕಂದಾಯಗಳ ಲೆಕ್ಕವನ್ನು ಅದರಿಂದ ಕೇಳುವುದು ರಸಹೀನತೆ ಎನ್ನಬಹುದು. ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಹಾಡನ್ನು ಕನ್ನಡಿಯೆಂದು ಕರೆದವರು ನಾವಲ್ಲ. ಕಾವ್ಯವೆಂದು ಓದುವುದಾದರೆ ಕಾವ್ಯವೆಂದೇ ಓದೋಣ. ಸಮಾಜದ ದಾಖಲೆಯೆಂದು ಓದುವುದಾದರೆ ದಾಖಲೆಗೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳೋಣ. ಎರಡರ ನಡುವೆ ಅನುಕೂಲಕ್ಕೆ ತಕ್ಕಂತೆ ಜಿಗಿಯುವುದು ಸಲ್ಲದು.

ದಾಖಲೆಯಾಗಿ ಓದುವ ದಾರಿ ಕನ್ನಡದಲ್ಲಿ ಇರಲಿಲ್ಲವೆಂದಲ್ಲ. ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ೧೯೩೩ರಲ್ಲಿಯೇ ಬಂದಿತು. ಕೃಷ್ಣರಾಜಪೇಟೆ ತಾಲೂಕಿನ ಬಂಡಿಹೊಳೆ ಎಂಬ ತಮ್ಮ ಒಂದೇ ಊರನ್ನು ಹಿಡಿದು, ಊರಿನ ಬದುಕು ಮತ್ತು ಹಾಡು ಎರಡನ್ನೂ ಒಂದೇ ರಟ್ಟಿನೊಳಗೆ ಇಟ್ಟದ್ದು ಆ ಗ್ರಂಥದ ಹೆಚ್ಚುಗಾರಿಕೆ. ಅಲ್ಲಿ ಹಾಡಿಗೆ ಊರಿದೆ, ಊರಿಗೆ ಹಾಡಿದೆ. ಆದರೆ ಮುಂದಿನ ಸಂಗ್ರಹಗಳಲ್ಲಿ ಹೆಚ್ಚಿನವು ಬಂಡಿಹೊಳೆಯ ದಾರಿಯನ್ನು ಬಿಟ್ಟು ವಿಷಯವಾರು ವಿಂಗಡಣೆಯ ದಾರಿಯನ್ನು ಹಿಡಿದವು: ದೇವರು, ತವರು, ಕೂಸು, ಅಣ್ಣತಮ್ಮಂದಿರು, ಸವತಿ ಹೀಗೆ. ಬೇರೆ ಬೇರೆ ಊರಿನ, ಬೇರೆ ಬೇರೆ ಜಾತಿಯ, ಬೇರೆ ಬೇರೆ ವಯಸ್ಸಿನ ಹೆಣ್ಣುಮಕ್ಕಳ ಪದ್ಯಗಳು ಒಂದೇ ಶೀರ್ಷಿಕೆಯ ಕೆಳಗೆ ಸೇರಿ, ಎಲ್ಲಿಯೂ ಇಲ್ಲದ ಒಬ್ಬಳು ಆದರ್ಶ ಹೆಣ್ಣನ್ನು ಸೃಷ್ಟಿಸಿದವು.

ಎಸ್ಟೋನಿಯಾದಲ್ಲಿ ನಡೆದುದು ಇದಕ್ಕೆ ವಿರುದ್ಧ. ಪಾದ್ರಿಯೂ ವಿದ್ವಾಂಸನೂ ಆದ ಯಾಕೊಬ್ ಹುರ್ಟ್ ೧೮೭೫ರಿಂದ ಹೊರತಂದ ‘ವಾನಾ ಕನ್ನೆಲ್’ ಮಾಲೆಯಲ್ಲಿ ಸಂಪುಟಗಳ ವಿಂಗಡಣೆ ಸೀಮೆವಾರು. ಒಂದೊಂದು ಚರ್ಚಿನ ವ್ಯಾಪ್ತಿಯ ಊರುಗಳ ಹಾಡುಗಳು ಒಂದೆಡೆ. ೧೮೮೮ರಲ್ಲಿ ಆತ ಪತ್ರಿಕೆಗಳ ಮೂಲಕ ಜನರಿಗೆ ಕರೆಕೊಟ್ಟಾಗ ಸಾವಿರಕ್ಕೂ ಮಿಕ್ಕಿ ಸಂಗ್ರಾಹಕರು ಓಗೊಟ್ಟರು. ಒಂದು ಲಕ್ಷಕ್ಕೂ ಮಿಕ್ಕಿ ಪುಟಗಳ ಸಾಮಗ್ರಿ ಒಟ್ಟಾಯಿತು. ೧೯೨೭ರಲ್ಲಿ ತಾರ್ತು ನಗರದಲ್ಲಿ ಸ್ಥಾಪನೆಯಾದ ಜಾನಪದ ಸಂಗ್ರಹಾಲಯ ಆ ಸಾಮಗ್ರಿಯ ಮನೆಯಾಯಿತು. ಅಲ್ಲಿಯೂ ರಾಷ್ಟ್ರೀಯತೆಯ ಉತ್ಸಾಹವಿತ್ತು, ಅಲ್ಲಿಯೂ ಸೋಸುವಿಕೆ ಇದ್ದಿರಲೇಬೇಕು. ಆದರೆ ಸೀಮೆಯ ಗುರುತು ಉಳಿದುದರಿಂದ ಮುಂದಿನವರಿಗೆ ಹಾಡನ್ನು ಊರಿಗೆ ಮರಳಿಸುವುದು ಸಾಧ್ಯವಾಯಿತು.

ದೂರ ಹೋಗಬೇಕಾಗಿಯೂ ಇಲ್ಲ. ಹಲಸಂಗಿಯಿಂದ ಸ್ವಲ್ಪ ಉತ್ತರಕ್ಕೆ ಸರಿದರೆ ಮರಾಠಿಯ ಓವಿಗಳ ನಾಡು. ಅಲ್ಲಿಯ ಹೆಣ್ಣುಮಕ್ಕಳೂ ನಸುಕಿನಲ್ಲಿ ಬೀಸುತ್ತ ಹಾಡಿದವರೇ. ಪುಣೆಯಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತವ್ಯಾಂ ೧೯೮೦ರ ದಶಕದಲ್ಲಿ ಆರಂಭಿಸಿದ ಕೆಲಸದಿಂದ ಸಾವಿರಕ್ಕೂ ಮಿಕ್ಕ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಓವಿಗಳು ಸಂಗ್ರಹವಾದವು. ೨೦೧೭ರಿಂದ ಅವು ಹಾಡುಗಾರ್ತಿಯ ಹೆಸರು ಊರುಗಳೊಡನೆ ಸಾರ್ವಜನಿಕರಿಗೆ ದೊರೆಯುತ್ತಿವೆ. ಆ ಓವಿಗಳ ನಡುವೆ ಅಂಬೇಡ್ಕರರನ್ನು ಕುರಿತು ದಲಿತ ಹೆಣ್ಣುಮಕ್ಕಳು ಹಾಡಿದವೂ ಇವೆ. ಬೀಸುಕಲ್ಲಿನ ಮುಂದೆ ಕುಳಿತವಳಿಗೆ ಊರಿನಾಚೆಯ ಲೋಕ ತಿಳಿದಿರಲಿಲ್ಲ, ಅವಳ ಲೋಕ ತವರು ಮತ್ತು ತೊಟ್ಟಿಲಷ್ಟೇ ಎಂಬ ನಮ್ಮ ಗ್ರಹಿಕೆಗೆ ಇದು ಬಲವಾದ ಉತ್ತರ. ಅದೇ ಬಗೆಯ ಕಲ್ಲಿನ ಮುಂದೆ, ಅದೇ ಹೊತ್ತಿನಲ್ಲಿ, ನಮ್ಮ ಹೆಣ್ಣುಮಕ್ಕಳು ಮಾತ್ರ ಇಂಥದನ್ನು ಹಾಡಿರಲಾರರೆಂದು ನಂಬುವುದು ಕಷ್ಟ. ನಾವು ಕೇಳಲಿಲ್ಲ ಎಂದು ನಂಬುವುದು ಸುಲಭ.

೭

ಕೊನೆಯದಾಗಿ ಗಡಿಯ ಮಾತು. ‘ಗರತಿಯ ಹಾಡು’ ಅಚ್ಚಾದಾಗ ಹಲಸಂಗಿ ಮುಂಬಯಿ ಪ್ರಾಂತದಲ್ಲಿತ್ತು. ಭೀಮೆಯ ಆಚೆಗಿನ ಅಫಜಲಪುರ ಸೀಮೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ೧೯೪೮ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, ೧೯೫೬ರಲ್ಲಿ ಬೀದರ, ಗುಲ್ಬರ್ಗಾ, ರಾಯಚೂರುಗಳ ಕನ್ನಡ ಭಾಗ ಮೈಸೂರು ರಾಜ್ಯವನ್ನು ಸೇರಿತು. ನಾರಾಯಣಪೇಟೆ, ತಾಂಡೂರು ಮೊದಲಾದ ಸೀಮೆಗಳ ಕನ್ನಡಿಗರು ಇತ್ತ ಉಳಿದರು. ಹೊಳೆಯ ಎರಡು ದಡಗಳಲ್ಲಿ ಬೀಸಿದ ಹೆಣ್ಣುಮಕ್ಕಳ ಜೋಳ ಒಂದೇ, ತ್ರಿಪದಿ ಒಂದೇ. ಆದರೆ ಒಂದು ದಡದ ಹಾಡು ೧೯೩೧ರಲ್ಲಿಯೇ ಗ್ರಂಥವಾಯಿತು. ಉರ್ದು ಆಡಳಿತಭಾಷೆಯಾಗಿದ್ದ ಇನ್ನೊಂದು ದಡದ ಹಾಡಿಗೆ ಅಂಥ ಅವಕಾಶ ತಡವಾಗಿ ಬಂದಿತು. ಉರ್ದು, ತೆಲುಗು, ಮರಾಠಿ ಮಾತುಗಳು ಸಹಜವಾಗಿ ಬೆರೆತ ಈ ದಡದ ಪದಗಳಿಗೆ ಹಲಸಂಗಿಯ ಮಾದರಿಯನ್ನೇ ಅಳತೆಗೋಲಾಗಿ ಹಿಡಿದರೆ ಬೆರಕೆಯೆಲ್ಲ ಕಸವಾಗಿ ಕಾಣುತ್ತದೆ. ದಿನಬಳಕೆಯ ಮಾತನ್ನು ಕಸವೆಂದು ತೆಗೆದ ಮೇಲೆ ಉಳಿಯುವ ಹಾಡನ್ನು ದಿನನಿತ್ಯದ ಬದುಕಿನ ಚಿತ್ರವೆಂದು ಕರೆಯುವುದು ವಿಪರ್ಯಾಸ.

ಗಡಿಯ ಇತ್ತ ಕುಳಿತ ಸಂಶೋಧಕರಿಗೆ ಇಲ್ಲಿ ಒಂದು ಕೆಲಸವಿದೆ. ತೆಲುಗಿನ ತಿರಗಲಿಯ ಹಾಡುಗಳು ನಮ್ಮ ನೆರೆಯಲ್ಲಿವೆ. ಬಿರುದುರಾಜು ರಾಮರಾಜು ಅವರು ಉಸ್ಮಾನಿಯ ವಿಶ್ವವಿದ್ಯಾನಿಲಯದಲ್ಲಿ ೧೯೫೦ರ ದಶಕದಲ್ಲಿ ತೆಲುಗು ಜಾನಪದ ಗೇಯಸಾಹಿತ್ಯದ ಮೇಲೆ ನಡೆಸಿದ ಸಂಶೋಧನೆ ನಮಗೆ ದೊರೆಯುತ್ತದೆ. ಓವಿ, ತ್ರಿಪದಿ, ತಿರಗಲಿ ಪದ ಮೂರನ್ನೂ ಒಟ್ಟಿಗಿಟ್ಟು ಓದುವ ಅನುಕೂಲ ಧಾರವಾಡ ಮೈಸೂರುಗಳಿಗಿಂತ ಹೈದರಾಬಾದಿಗೆ ಹೆಚ್ಚು. ಬೀಸುಕಲ್ಲಂತೂ ಹೋಯಿತು. ಹಿಟ್ಟಿನ ಗಿರಣಿ ಹಳ್ಳಿಗೆ ಬಂದ ದಿನ ಆ ನಸುಕಿನ ಹೊತ್ತು ಹೆಣ್ಣುಮಕ್ಕಳಿಗೆ ನಿದ್ದೆಯಾಗಿ ಮರಳಿ ದೊರೆಯಿತು; ಅದಕ್ಕಾಗಿ ಮರುಗಬೇಕಾದವರು ನಾವಲ್ಲ. ವೇದಿಕೆಯ ಮೇಲೆ ವಾದ್ಯಗಳೊಡನೆ ಹಾಡುವ ತ್ರಿಪದಿ ಇಂಪಾಗಿದ್ದರೂ ಅದು ಬೇರೆಯೇ ಪ್ರಕಾರ. ಆದರೆ ಬೀಸಿದ ನೆನಪುಳ್ಳ ಹಿರಿಯ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಮಗನ ಜೊತೆ, ಮೊಮ್ಮಗಳ ಜೊತೆ ಈ ನಗರಕ್ಕೂ ಬಂದಿದ್ದಾರೆ.

ಅವರಿಂದ ಹಾಡನ್ನು ಮಾತ್ರ ಬರೆದುಕೊಂಡರೆ ಸಾಲದು. ಯಾರ ಮನೆಯ ಕಾಳು, ಎಷ್ಟು ಹೊತ್ತು, ಎದುರಿಗೆ ಯಾರು ಕುಳಿತಿದ್ದರು, ಗೋಡೆಯಾಚೆ ಯಾರು ಕೇಳುತ್ತಿದ್ದರು, ಯಾವ ಪದವನ್ನು ಯಾರಿದ್ದಾಗ ಹಾಡುತ್ತಿರಲಿಲ್ಲ ಎಂಬುದನ್ನೂ ಕೇಳಬೇಕು. ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆಂದು ನಾವು ತಿಳಿದಿದ್ದೇವೆ. ಹಾಡಿದ್ದು ಪುಸ್ತಕಗಳಲ್ಲಿ ಸಾಕಷ್ಟಿದೆ. ಹಾಡದೆ ನುಂಗಿದ್ದು ಅವರೊಡನೆ ಹೋಗುವ ಮೊದಲು ಕೇಳಿಸಿಕೊಂಡರೆ, ಹಳ್ಳಿಯ ಒಂದು ದಿನ ಹೇಗಿತ್ತೆಂಬುದು ಅಷ್ಟರ ಮಟ್ಟಿಗಾದರೂ ನಮಗೆ ತಿಳಿದೀತು.